ಏಳನೆಯ ಹಾಸಿಗೆಯವನು

"ಇದು ನಮ್ಮ ಚಿಕ್ಕಪ್ಪ ಅಲ್ಲ!"

ಹೆಣದ ಮೇಲಿನ ಬಟ್ಟೆ ಸರಿಸಿದ ಸಣ್ಣಸ್ವಾಮಿಯ ಕೈ ಗಾಳಿಯಲ್ಲೇ ನಿಂತಿತು. ಸಾವಿನ ಸುದ್ದಿ ಕೇಳಿ ಕುಶಾಲನಗರದ ಬಳಿಯ ತನ್ನ ಹೊಲದಿಂದ ಮಧ್ಯಾಹ್ನದ ಬಸ್ಸಿಗೆ ಓಡಿಬಂದಿದ್ದ ಆ ರೈತ ಒಮ್ಮೆ ಹೆಣವನ್ನು ನೋಡಿದ, ಒಮ್ಮೆ ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ಆಸರೆಮನೆಯ ಕಾರ್ಯದರ್ಶಿ ಮೊಣ್ಣಪ್ಪ ನಿಂತಿದ್ದರು.

"ಸಾವು ಮುಖವನ್ನು ಬದಲಿಸುತ್ತದೆಯಪ್ಪಾ," ಎಂದರು ಅವರು. "ಸರಿಯಾಗಿ ನೋಡು. ಇದು ಏಳನೆಯ ಹಾಸಿಗೆ. ಏಳನೆಯ ಹಾಸಿಗೆಯವನು ನಿಂಗ."

"ಮುಖ ಬದಲಿಸಬೌದು ಸ್ವಾಮಿ, ಬೆರಳು ಬೆಳೆಸ್ತದಾ? ನಮ್ಮ ಚಿಕ್ಕಪ್ಪನಿಗೆ ಎಡಗೈಯಾಗೆ ಕಿರುಬೆರಳೇ ಇಲ್ಲ. ಹುಡುಗನಾಗಿದ್ದಾಗ ಆಲೆಮನೆ ಗಾಣಕ್ಕೆ ಸಿಕ್ಕಿ ಹೋಯ್ತು. ಇಲ್ಲಿ ನೋಡಿ, ಐದಕ್ಕೆ ಐದು! ನಮ್ಮ ಚಿಕ್ಕಪ್ಪನ್ನ ಏನು ಮಾಡಿದಿರಿ? ಎಲ್ಲಿ ಹೂತಿರಿ?"

ಕೂಗಾಟ ಕೇಳಿ ಓಡಿಬಂದಿದ್ದ ದಾರಿಹೋಕ ಹುಡುಗನೊಬ್ಬನನ್ನು ಮೊಣ್ಣಪ್ಪ ಬಾಗಿಲಿನಿಂದಲೇ ಪೊಲೀಸರಿಗೂ ಡಾಕ್ಟರಿಗೂ ಹೇಳಲು ಓಡಿಸಿದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೂರನೆಯ ವರ್ಷದ ಮಳೆಗಾಲದ ಕೊನೆ ಅದು. ಸಿದ್ದಾಪುರದಿಂದ ಒಂದು ಮೈಲಿ ದೂರದಲ್ಲಿ, ದುಡಿದು ಮುದಿಯಾದ ಕೂಲಿಗಳಿಗಾಗಿ ನಾಲ್ಕು ಎಸ್ಟೇಟುಗಳ ಧಣಿಗಳು ಕೂಡಿ ಕಟ್ಟಿಸಿದ ಮನೆ ಈ ಆಸರೆಮನೆ. ಹತ್ತು ಹಾಸಿಗೆ, ಒಬ್ಬ ಆಯಾ. ಅಡಿಗೆಯೂ ಅವಳದೇ, ಆರೈಕೆಯೂ ಅವಳದೇ. ಮೂವತ್ತು ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ಹೆಡ್ ರೈಟರಾಗಿ ಕೆಲಸ ಮಾಡಿ ನಿವೃತ್ತರಾದ ಮೊಣ್ಣಪ್ಪನವರು ಒಂದು ವರ್ಷದಿಂದ ಸಂಬಳವಿಲ್ಲದೆ ಇಲ್ಲಿಯ ಆಡಳಿತ ನೋಡಿಕೊಳ್ಳುತ್ತಿದ್ದರು. ಒಂದು ಕಾಸು ಮುಟ್ಟಿದವರಲ್ಲ. ಒಂದು ದಿನ ತಪ್ಪಿಸಿದವರಲ್ಲ. ಅಂಥ ಮನುಷ್ಯನ ಕಣ್ಣೆದುರಿಗೇ ಒಬ್ಬ ಮುದುಕ ಮಾಯವಾಗಿ, ಅವನ ಹಾಸಿಗೆಯಲ್ಲಿ ಇನ್ನೊಬ್ಬನ ಹೆಣ ಮಲಗಿತ್ತು!

ಅರ್ಧ ಗಂಟೆಯೊಳಗೆ ಪೊಲೀಸ್ ಚೌಕಿಯಿಂದ ದಫೇದಾರ ಪೊನ್ನಪ್ಪ ಬಂದ. ಬಂದವನೇ ಗೇಟಿಗೆ ಬೀಗ ಹಾಕಿಸಿದ.

"ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ," ಎಂದ. "ನಿಂಗನನ್ನು ಕೊನೆಗೆ ನೋಡಿದ್ದು ಯಾವಾಗ, ಮೊಣ್ಣಪ್ಪನವರೇ?"

"ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ. ಮಸ್ಟರಿನಲ್ಲಿ ಹಾಜರಿದ್ದ."

"ಮಸ್ಟರಾ? ಇವರೆಲ್ಲ ಈ ವಯಸ್ಸಿನಲ್ಲಿ ಕಾಫಿ ಪಿಕ್ಕಿಂಗಿಗೆ ಹೋಗ್ತಾರಾ?"

ಮೊಣ್ಣಪ್ಪ ವಿವರಿಸಿದರು. ಎಸ್ಟೇಟಿನಲ್ಲಿ ಕೂಲಿಗೊಂದು ನಂಬರಿನ ಹಿತ್ತಾಳೆ ಬಿಲ್ಲೆ ಇರುವಂತೆ ಇಲ್ಲಿಯೂ ತಲೆಗೊಂದು ಬಿಲ್ಲೆ. ಬೆಳಿಗ್ಗೆ ಪ್ರತಿಯೊಬ್ಬರೂ ನಡೆದುಬಂದು ಜಗಲಿಯ ಹಲಗೆಯ ಮೇಲೆ ತಮ್ಮ ಮೊಳೆಗೆ ಬಿಲ್ಲೆ ತೂಗುಹಾಕಬೇಕು. ಎಂಟು ಗಂಟೆಗೆ ಅವರು ಎಣಿಸಿ ಬರೆದುಕೊಳ್ಳುವರು. "ವರ್ಷದಿಂದ ಒಂದು ದಿನವೂ ಹತ್ತಕ್ಕೆ ಒಂದು ಕಡಿಮೆಯಾಗಿಲ್ಲ," ಎಂದು ಸೇರಿಸಿದರು. ಆ ಮಾತಿನಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ದಫೇದಾರನ ಕಣ್ಣು ಆಯಾ ಚಿನ್ನಿಯ ಮೇಲೆ ಬಿತ್ತು. ಮೂಲೆಯಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಕುಳಿತಿದ್ದಳು. ಮೂವತ್ತರ ಪ್ರಾಯ, ಕೂಲಿಲೈನಿನ ಸಾಲುಮನೆಯಲ್ಲಿ ಹುಟ್ಟಿ ಬೆಳೆದವಳು.

"ಏನಮ್ಮಾ, ಈ ಹೆಣ ಯಾರದು?"

ಚಿನ್ನಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

"ನಿಂಗ ಎಲ್ಲಿ?"

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಪೊನ್ನಪ್ಪ ಅವಳ ತಗಡಿನ ಪೆಟ್ಟಿಗೆಯನ್ನು ತೆಗೆಸಿದ. ಎರಡು ಸೀರೆಗಳ ಕೆಳಗೆ ಮೈಗೆ ಹಾಕುವ ಪೌಡರಿನ ಡಬ್ಬ, ಎರಡು ಬಾಟ್ಲಿ ಹರಳೆಣ್ಣೆ, ಮುಲಾಮು, ಹೊಸ ಸೋಪುಗಳು. "ಇಪ್ಪತ್ತು ರೂಪಾಯಿ ಸಂಬಳದವಳಿಗೆ ಪೌಡರಾ? ಮುದುಕನ ಗಂಟು ಹೊಡೆದೆಯಾ? ಏಳು, ವಿರಾಜಪೇಟೆಗೆ ಹೋಗೋಣ. ಅಲ್ಲಿ ಬಾಯಿ ತಾನಾಗಿ ಬಿಡ್ತದೆ."

"ನಾನೂ ಹಾಗೇ ಅಂದುಕೊಂಡೆ," ಎಂದರು ಮೊಣ್ಣಪ್ಪ. ಎಲ್ಲರಿಗೂ ಕೇಳುವಂತೆಯೇ ಹೇಳಿದರು. "ಇವಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ."

ಆಮೇಲೆ ಬಹಳ ದಿನ ಆ ಮಾತನ್ನು ನೆನೆದಾಗಲೆಲ್ಲ ಅವರು ತುಟಿ ಕಚ್ಚಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಗೇಟಿನ ಬೀಗ ತೆಗೆಸಿಕೊಂಡು, ಕೊಡೆ ಮಡಿಸುತ್ತ ಒಳಗೆ ಬಂದವಳು ಸಿದ್ದಾಪುರದ ಡಿಸ್ಪೆನ್ಸರಿಯ ದಾದಿ ದಮಯಂತಿ. ಡಾಕ್ಟರು ಊರಲ್ಲಿಲ್ಲದ್ದರಿಂದ ಹೆಣ ನೋಡಲು ಅವಳಿಗೇ ಹೇಳಿಕಳಿಸಿದ್ದರು. ಇಪ್ಪತ್ತೈದು ವರ್ಷ ಆ ಸೀಮೆಯ ಲೈನುಗಳಲ್ಲಿ ಹೆರಿಗೆ ಮಾಡಿಸಿದವಳು. ಯಾರ ಮನೆಯ ಗುಟ್ಟು ಯಾವ ಮೂಲೆಯಲ್ಲಿದೆಯೆಂದು ಬಲ್ಲವಳು.

"ದಫೇದಾರರೇ, ಬೇಡಿ ಹಾಕುವ ಮೊದಲು ಸತ್ತವನನ್ನು ನೋಡಿದಿರಾ?"

"ನೋಡಿದೆ. ಗಾಯವಿಲ್ಲ, ರಕ್ತವಿಲ್ಲ."

"ಮುಖ ನೋಡಿದಿರಿ. ನಾನು ಬೇರೆ ಕಡೆಯಿಂದ ನೋಡುತ್ತೇನೆ."

ಅವಳು ಹೆಣದ ಕಾಲ ಬಳಿ ಕುಳಿತು ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಚಿನ್ನಿಯನ್ನು ಕರೆದು, ಇಬ್ಬರೂ ಸೇರಿ ದೇಹವನ್ನು ಮಗ್ಗುಲಿಗೆ ತಿರುಗಿಸಿದರು. ಬೆನ್ನನ್ನೂ ಸೊಂಟವನ್ನೂ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಸಾವು ತಾನಾಗಿ ಬಂದದ್ದು," ಎಂದಳು. "ಲಕ್ವ ಹೊಡೆದ ಶರೀರ. ಮೊಣ್ಣಪ್ಪನವರೇ, ಈ ಮನೆಯ ನಾಲ್ಕನೆಯ ನಿಯಮ ಹೇಳಿ."

"ಅದಕ್ಕೂ ಇದಕ್ಕೂ..."

"ಹೇಳಿ."

"ಸ್ವಂತ ಕಾಲಿನ ಮೇಲೆ ನಡೆಯಬಲ್ಲವರಿಗೆ ಮಾತ್ರ ಪ್ರವೇಶ. ಹಾಸಿಗೆ ಹಿಡಿದವರನ್ನು ಸಂಬಂಧಿಕರಿಗೆ ಒಪ್ಪಿಸತಕ್ಕದ್ದು."

"ಸಂಬಂಧಿಕರಿಲ್ಲದಿದ್ದರೆ?"

ನಿಯಮದಲ್ಲಿ ಅದು ಬರೆದಿರಲಿಲ್ಲ.

"ನೋಡಿ ದಮಯಂತಮ್ಮ," ಎಂದರು ಮೊಣ್ಣಪ್ಪ. "ನಡೆಯುವವನೊಬ್ಬನಿಗೆ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ಖರ್ಚು. ಮಲಗಿದವನಿಗೆ ಬಟ್ಟೆ, ಸೋಪು, ಸೌದೆ, ಹಾಲು, ಎರಡನೆಯ ಆಯಾ, ಎಲ್ಲ ಸೇರಿ ಅರವತ್ತು. ಧಣಿಗಳು ಕೊಡುವುದು ಹತ್ತು ಜನಕ್ಕೆ ತಲಾ ಇಪ್ಪತ್ತೆರಡು. ನಾನು ಎಲ್ಲಿಂದ ತರಲಿ?"

"ಎಲ್ಲಿಂದ ತರಲಿ ಎಂದು ಧಣಿಗಳನ್ನು ಕೇಳಿದ್ದೀರಾ?"

"ಕೇಳುವುದು ಹೇಗೆ? ಕೊಡುವವರು ಅವರು."

"ಸರಿ. ನಿಂಗನನ್ನು ಸೇರಿಸಿಕೊಂಡವರು ನೀವೇನಾ?"

"ಅಲ್ಲ, ಹಿಂದಿನ ಕಾರ್ಯದರ್ಶಿಗಳು."

"ನಿಂಗನ ಮುಖ ಹೇಗಿದೆ?"

ಎರಡು ಸಾಲಿನ ಹಾಸಿಗೆಗಳ ಮೇಲೆ ಕುಳಿತಿದ್ದ ಒಂಬತ್ತು ಜನ ಮುದುಕ ಮುದುಕಿಯರೂ ತಲೆ ಎತ್ತಿದರು. ಆಗ ಮೊಣ್ಣಪ್ಪ ಗಮನಿಸಿದರು: ಪ್ರತಿಯೊಬ್ಬರ ಪಕ್ಕದಲ್ಲೂ ಬಟ್ಟೆಯ ಗಂಟು ಕಟ್ಟಿಟ್ಟಿತ್ತು.

"ಮುಖ... ವಯಸ್ಸಾದ ಮುಖ," ಎಂದರು.

"ಹತ್ತೂ ವಯಸ್ಸಾದ ಮುಖಗಳೇ," ಎಂದಳು ದಮಯಂತಿ. ಮುದುಕರಲ್ಲೊಬ್ಬರು ಕಿಸಕ್ಕೆಂದರು. "ಈ ಮಳೆಗಾಲದಲ್ಲಿ ಎಷ್ಟು ಜನರನ್ನು ಗೇಟಿನಿಂದ ವಾಪಸು ಕಳಿಸಿದಿರಿ?"

"ಒಬ್ಬನನ್ನು. ಜೂನ್ ತಿಂಗಳಲ್ಲಿ ಎತ್ತಿನ ಗಾಡಿಯಲ್ಲಿ ತಂದಿದ್ದರು. ನಾನು ಕಿಟಕಿಯಿಂದ ಕೇಳಿದೆ, ನಿಲ್ಲಬಲ್ಲನಾ? ಇಲ್ಲ ಎಂದರು. ನಿಯಮ ಹೇಳಿದೆ."

"ಅವನನ್ನು ನೋಡಿದಿರಾ?"

"ಗಾಡಿಯಲ್ಲಿ ಚಾಪೆ ಹೊದಿಸಿತ್ತು. ಚಾಪೆ ನೆನಪಿದೆ. ಮುಖ..."

"ನೀವು ಎದ್ದು ಗಾಡಿಯ ಹತ್ತಿರ ಹೋಗಲೇ ಇಲ್ಲ."

"ಆವತ್ತು ತಿಂಗಳ ವರದಿ ಬರೆಯುತ್ತಿದ್ದೆ," ಎಂದರು ಮೊಣ್ಣಪ್ಪ. ಹೇಳಿದ ಮೇಲೆ ಅದು ಎಂಥ ಉತ್ತರವೆಂದು ಅವರ ಕಿವಿಗೇ ಕೇಳಿಸಿತು. ಮೂವತ್ತು ವರ್ಷ ರೈಟರಾಗಿ ಯಾವ ಪ್ರಶ್ನೆಗೂ ಹೀಗೆ ಮುಖ ಬಿಸಿಯಾದದ್ದು ಅವರಿಗೆ ನೆನಪಿರಲಿಲ್ಲ.

ದಫೇದಾರನಿಗೆ ತಾಳ್ಮೆ ತಪ್ಪಿತು. "ಅಮ್ಮಾ, ನಂಗೆ ನಿಂಗ ಬೇಕು. ಗಾಡಿ, ಚಾಪೆ ಎಲ್ಲ ಯಾಕೆ?"

"ನಿಂಗ ಬೇಕೋ? ಹಾಗಾದರೆ ಈ ಕಾಲು ನೋಡಿ." ದಮಯಂತಿ ಹೆಣದ ಪಾದವನ್ನು ಬೆಳಕಿಗೆ ಹಿಡಿದಳು. "ಬರಿಗಾಲಿನಲ್ಲಿ ಬಾಳು ಸವೆಸಿದವನ ಅಂಗಾಲು ಹೇಗಿರಬೇಕು? ಆನೆಯ ಚರ್ಮದ ಹಾಗೆ. ಇದು ಬಾಣಂತಿಯ ಮಗುವಿನ ಅಂಗಾಲು. ಜಡ್ಡೆಲ್ಲ ಸುಲಿದು ಉದುರಿದೆ. ಮೂರು ತಿಂಗಳು ಈ ಕಾಲು ನೆಲ ಮುಟ್ಟಿಲ್ಲ. ಮೊಣ್ಣಪ್ಪನವರೇ, ಏಳನೆಯವನು ನಿನ್ನೆಯವರೆಗೆ ಪ್ರತಿ ಬೆಳಿಗ್ಗೆ ನಡೆದುಬಂದು ಬಿಲ್ಲೆ ಹಾಕಿದ ಎಂದಿರಲ್ಲ?"

"ಬಿಲ್ಲೆ ಇತ್ತು. ದೇವರಾಣೆ ಇತ್ತು!"

"ಇರಲಿಲ್ಲ ಎಂದೆನೇ? ಹಾಕಿದವರು ಯಾರು?"

ಎಂಟನೆಯ ಹಾಸಿಗೆಯಿಂದ ಗೂನುಬೆನ್ನಿನ ಹೊನ್ನಮ್ಮ ಎದ್ದು ನಿಂತಳು. ಎಂಬತ್ತು ದಾಟಿದ ಹೆಂಗಸು. ಅವಳ ಬಾಯಿ ಮಾತ್ರ ಇನ್ನೂ ಹದಿನೆಂಟರದು.

"ನಾನೇ ಮಗಾ. ಎಂಟೂ ನಂದೇ, ಏಳೂ ನಂದೇ. ಆ ಪಡ್ಡೆ ಚಿನ್ನಿಯನ್ನ ಬಿಡಿ."

"ಅಲ್ಲ, ನಾನು," ಎಂದ ಮೂರನೆಯ ಹಾಸಿಗೆಯವನು.

"ಇವನಿಗೆ ಮೊಳೆ ಕಾಣುದಿಲ್ಲ, ಸುಳ್ಳು ಬೇರೆ ಹೇಳ್ತಾನೆ. ನಾನು," ಎಂದಳು ಐದನೆಯವಳು.

ದಫೇದಾರ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಇಷ್ಟು ಜನ ಕಳ್ಳರನ್ನು ಒಂದೇ ಜೀಪಿನಲ್ಲಿ ಹೇಗಮ್ಮ ತುಂಬಲಿ?"

ದಮಯಂತಿ ನಗಲಿಲ್ಲ. "ಇನ್ನು ಬೆನ್ನು ನೋಡಿ," ಎಂದಳು. "ಮೂರು ತಿಂಗಳು ಕದಲದೆ ಮಲಗಿದವನ ಬೆನ್ನು ಕೊಳೆತುಹೋಗಬೇಕು. ಊರಿನ ಸಿರಿವಂತರ ಮನೆಗಳಲ್ಲೇ ನಾನು ಕೈಬೆರಳು ಹೋಗುವಷ್ಟು ಹುಣ್ಣು ನೋಡಿದ್ದೇನೆ. ಇಲ್ಲಿ ಒಂದು ಕೆಂಪು ಕಲೆ ಇಲ್ಲ. ಗಳಿಗೆ ಗಳಿಗೆಗೂ ತಿರುಗಿಸಿ, ಎಣ್ಣೆ ತೀಡಿ, ಒರೆಸಿ, ಪೌಡರು ಹಾಕಿದ್ದಾರೆ. ದಫೇದಾರರೇ, ಪೆಟ್ಟಿಗೆಯಲ್ಲಿ ಸಿಕ್ಕ ಕಳ್ಳಮಾಲು ಇದೇ! ಹತ್ತು ಜನರ ಗಂಜಿ ಬೇಯಿಸುವ ಒಬ್ಬ ಹೆಂಗಸಿಗೆ ಇದಾಗುತ್ತದೆಯೇ? ಒಂಬತ್ತು ಜನರೂ ಪಾಳಿ ಹಾಕಿಕೊಂಡು ಮಾಡಿದ್ದಾರೆ. ಆದರೆ ಇನ್ನೂ ಒಂದು ಉಳಿಯಿತು. ಗಂಡಸಾಳನ್ನು ಎತ್ತಿ ಸ್ನಾನಕ್ಕೆ ಕೂರಿಸಬೇಕಾದರೆ ಈ ಹದಿನೆಂಟು ಕೈಯಲ್ಲಿ ಒಂದರಲ್ಲೂ ಕಸುವಿಲ್ಲ. ಕಸುವಿರುವವನು ಒಬ್ಬ ಬೇಕು. ಈ ಮನೆಗೆ ದಿನವೂ ಬರುವ ಹೊರಗಿನವರು ಯಾರು?"

"ಯಾರೂ ಇಲ್ಲ," ಎಂದರು ಮೊಣ್ಣಪ್ಪ. "ಕೆಳಗೆ ಹರಿಯುವ ತೋಡಿನಿಂದ ನೀರು ಹೊರುವವನೊಬ್ಬ."

"ಎಂದಿನಿಂದ?"

"ಜೂನ್..." ಮೊಣ್ಣಪ್ಪನವರ ಮಾತು ನಿಧಾನವಾಯಿತು. "ಜೂನ್ ಕೊನೆಯಿಂದ. ಚಿನ್ನಿ ಕೇಳಿದಳು. ದಿನಕ್ಕೆ ನಾಲ್ಕಾಣೆ."

"ನಾಲ್ಕಾಣೆಗೆ ಒಪ್ಪಿದನೇ? ಚೌಕಾಸಿ ಮಾಡಲಿಲ್ಲವೇ?"

"ಇಲ್ಲ."

"ಎಲ್ಲಿ ಮಲಗುತ್ತಾನೆ?"

"ಸೌದೆ ಕೊಟ್ಟಿಗೆಯಲ್ಲಿ."

"ಮೂರು ತಿಂಗಳಲ್ಲಿ ಒಂದು ದಿನವಾದರೂ ಮನೆಗೆ ಹೋದನೇ?"

"ನಾನು ಕೇಳಲಿಲ್ಲ."

"ಅವನ ಮುಖ?"

"ಮಳೆಗೆ ಗೋಣಿಕೊಪ್ಪೆ ಹಾಕಿಕೊಂಡಿರುತ್ತಿದ್ದ..."

"ಕೂಲಿ ಯಾರು ಕೊಡುತ್ತಿದ್ದರು?"

"ನಾನೇ. ಸಂಜೆ, ಕಿಟಕಿಯಿಂದ."

"ಹೇಗೆ ತೆಗೆದುಕೊಳ್ಳುತ್ತಿದ್ದ?"

ಎಸ್ಟೇಟಿನ ಕೂಲಿ ಒಂದೇ ಕೈ ನೀಡಿ ರೈಟರಿಂದ ಹಣ ತೆಗೆದುಕೊಳ್ಳುವುದಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡುತ್ತಾನೆ. ಆ ಬೊಗಸೆ ಮೊಣ್ಣಪ್ಪನವರ ಕಣ್ಣ ಮುಂದೆ ಬಂತು. ದಿನವೂ ಅದರೊಳಗೆ ಅವರೇ ಎಣಿಸಿ ಹಾಕಿದ್ದ ನಾಣ್ಯಗಳೂ ಬಂದವು. ಎಡಗೈಯ ಅಂಚಿನಲ್ಲಿ, ಕಿರುಬೆರಳಿರಬೇಕಾದ ಕಡೆ, ಬೆಳಕು ಕಾಣುತ್ತಿತ್ತು. ಅವರು ನಾಣ್ಯಗಳನ್ನೇ ನೋಡುತ್ತಿದ್ದರು.

"ಅವನೀಗ ಎಲ್ಲಿ?" ಎಂದು ದಫೇದಾರ ಕೂಗಿದ.

"ಬೆಳಿಗ್ಗೆ ನಾನೇ ಕಳಿಸಿದೆ," ಎಂದರು ಮೊಣ್ಣಪ್ಪ. ಸ್ವರ ಅವರದೆನ್ನಿಸಲಿಲ್ಲ. "ನಿಂಗ ಸತ್ತ, ಚಟ್ಟಕ್ಕೆ ಬಿದಿರು ಕಡಿದು ತಾ ಎಂದು."

ಗೇಟು ತೆಗೆಸಿದರು. ಹೊರಗೆ, ದಾರಿಬದಿಯ ಕಲ್ಲಿನ ಮೇಲೆ, ನಾಲ್ಕು ಹಸಿ ಬಿದಿರನ್ನು ಮೊಣಕಾಲಿಗೆ ಒರಗಿಸಿಕೊಂಡು, ಅರವತ್ತೈದರ ಗಟ್ಟಿ ಆಳೊಬ್ಬ ಎಲೆಅಡಿಕೆ ಹಾಕುತ್ತಿದ್ದ.

"ಚಿಕ್ಕಪ್ಪ!" ಎಂದು ಸಣ್ಣಸ್ವಾಮಿ ಓಡಿಹೋಗಿ ಕಾಲು ಹಿಡಿದ.

ನಿಂಗ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಸತ್ತ ಮೇಲೆ ನೋಡಾಕೆ ಬಂದೆಯೇನ್ಲಾ? ಬದುಕಿದ್ದಾಗ ಎರಡು ವರ್ಷ ಬಸ್ಸು ಓಡ್ತಿರಲಿಲ್ವಾ?"

ಸಣ್ಣಸ್ವಾಮಿ ಎದ್ದ. ಪಂಚೆಯ ಮಣ್ಣು ಕೊಡವಿಕೊಳ್ಳುತ್ತಲೇ ಇದ್ದ, ಅದು ಹೋದ ಮೇಲೂ.

ಒಳಗೆ ಬಂದು ನಿಂಗ ಎಲ್ಲವನ್ನೂ ಹೇಳಿದ. ಸತ್ತವನ ಹೆಸರು ಮಾಯಿಲಪ್ಪ. ಮೂವತ್ತೈದು ವರ್ಷ ಚೆಟ್ಟಳ್ಳಿಯ ಕಡೆ ಕಾಫಿ ಮೂಟೆ ಹೊತ್ತವನು. ಹಿಂದೆಮುಂದೆ ಯಾರೂ ಇಲ್ಲ. ಗಾಡಿಯವನು ಅವನನ್ನು ವಾಪಸು ಒಯ್ಯಲಾರದೆ ತಿರುವಿನ ಮರದ ಕೆಳಗೆ ಇಳಿಸಿ ಹೋಗಿದ್ದ. ರಾತ್ರಿ ನಿಂಗ ಅವನನ್ನು ಹೊತ್ತು ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿದ್ದ. "ನಂಗೆ ಕಾಲಿತ್ತು ಸ್ವಾಮಿ, ಅವನಿಗೆ ಇರಲಿಲ್ಲ. ಹಾಸಿಗೆ ಬೇಕಾದ್ದು ಯಾರಿಗೆ? ನಿಮ್ಮ ನಾಲ್ಕಾಣೆ ಹಾಲಿಗೂ ಎಣ್ಣೆಗೂ ಆಯ್ತು. ಹತ್ತು ಜನರ ಅನ್ನ ಹನ್ನೊಂದು ಜನ ಉಂಡ್ವಿ. ಇವರು ಒಂದೊಂದು ತುತ್ತು ಬಿಟ್ರು."

"ನಾವು ಯಾಕೆ ಬಿಟ್ವಿ ಕೇಳು," ಎಂದಳು ಹೊನ್ನಮ್ಮ. "ನಾಳೆ ನನ್ನ ಕಾಲು ಬಿದ್ರೆ ನಂಗೂ ಅದೇ ಮರ ಅಲ್ವಾ? ಅವನನ್ನ ತಿರುಗಿಸುವಾಗೆಲ್ಲ ನಾನು ನನ್ನನ್ನೇ ತಿರುಗಿಸ್ತಿದ್ದೆ."

ದಫೇದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅದನ್ನು ಯಾವಾಗ ತೆಗೆದನೋ ಅವನಿಗೇ ಗೊತ್ತಿರಲಿಲ್ಲ. "ಚಿನ್ನಿ, ನೀನು ಬಾಯಿ ಬಿಡಬಾರದಿತ್ತಾ? ನಾನು ನಿನ್ನನ್ನ ಸ್ಟೇಷನ್ನಿಗೆ ಎಳೀತಿದ್ದೆನಲ್ಲ!"

ಚಿನ್ನಿ ಮೊದಲ ಬಾರಿ ಮಾತಾಡಿದಳು. "ಬಾಯಿ ಬಿಟ್ರೆ ಇವರನ್ನ ಹೊರಗೆ ಹಾಕ್ತಾರೆ. ಬಿಲ್ಲೆ ಸುಳ್ಳು ಹಾಕಿದವರಿಗೆ ಜಾಗ ಇಲ್ಲ ಅಂತ ಆರನೇ ನಿಯಮ. ಸ್ಟೇಷನ್ನಿಗಾದ್ರೆ ನಾನೊಬ್ಬಳೇ ಹೋಗ್ತೇನೆ."

"ಹಾಗಾದರೆ ದಮಯಂತಮ್ಮ, ತಪ್ಪಿತಸ್ಥ ಅಂತ ನಾನು ಯಾರ ಹೆಸರು ಬರೀಲಿ?" ಎಂದ ದಫೇದಾರ.

ದಾದಿ ಕೈ ಒರೆಸಿಕೊಂಡಳು. "ನನಗೆ ಮೊದಲ ಗಳಿಗೆಯಲ್ಲೇ ಅನುಮಾನ ಬಂದದ್ದು ಹೆಣದ ಮೇಲಲ್ಲ. ಏಳನೆಯ ಹಾಸಿಗೆಯವನು ಹೌದೋ ಅಲ್ಲವೋ ಎಂದು ಕೂಗಾಟವಾದಾಗ ಒಬ್ಬರು ಮಾತ್ರ ಹತ್ತಿರ ಬಂದು ನೋಡಲಿಲ್ಲವೆಂದು ನನ್ನನ್ನು ಕರೆಯಲು ಬಂದವನೇ ಹೇಳಿದ. ಯಾಕೆ? ನೋಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಕೈಹಿಡಿದು ನಡೆಸಬೇಕಾದವರಿಗಾಗಿ ಕಟ್ಟಿದ ಮನೆಗೆ, ಕೈಹಿಡಿಯುವ ಅಗತ್ಯವಿಲ್ಲದವರು ಮಾತ್ರ ಬರಲಿ ಎಂದು ಬಾಗಿಲು ಕಾದವರು ಯಾರು? ವರ್ಷವಿಡೀ ಹಿತ್ತಾಳೆಯನ್ನು ಎಣಿಸಿ ಮನುಷ್ಯರನ್ನು ಎಣಿಸಿದೆನೆಂದುಕೊಂಡವರು ಯಾರು? ಈ ಮುದುಕರನ್ನು ಸುಳ್ಳರನ್ನಾಗಿ ಮಾಡಿದವರು ಮೊಣ್ಣಪ್ಪನವರು. ಒಳ್ಳೆಯವರು. ಕಾಸು ಮುಟ್ಟದವರು. ಅದೇ ದುಃಖ."

ಮೊಣ್ಣಪ್ಪ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ ಇಪ್ಪತ್ತು ಕಣ್ಣುಗಳ ನಡುವೆ ನಿಂತಿದ್ದರು. ಆ ಕಣ್ಣುಗಳಲ್ಲಿ ಕೋಪವಿದ್ದಿದ್ದರೆ ಸಹಿಸಬಹುದಿತ್ತು. ಅವು ಹೆದರಿದ್ದವು. ತಮಗೆ ಹೆದರುವ ಮುದುಕರು!

"ನನ್ನ ಹೆಸರು ಬರೆದುಕೊಳ್ಳಿ ದಫೇದಾರರೇ," ಎಂದರು.

"ಯಾವ ಸೆಕ್ಷನ್ನಿನಡಿ ಬರೀಲಿ ಸ್ವಾಮಿ? ಗಾಡಿಯ ಹತ್ತಿರ ಎದ್ದು ಹೋಗಲಿಲ್ಲ ಅನ್ನೋದಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ."

ಶಿಕ್ಷೆಯಿರುವ ತಪ್ಪು ಶಿಕ್ಷೆಯೊಂದಿಗೆ ತೀರುತ್ತದೆ. ಶಿಕ್ಷೆಯಿಲ್ಲದ ತಪ್ಪನ್ನು ಮನುಷ್ಯ ತಾನೇ ಹೊತ್ತು ತಿರುಗಬೇಕು.

"ನಾವು ಸಂಜೆ ಬಸ್ಸಿಗೆ ಹೊರಡ್ಬೇಕಾ, ನಾಳೆಗಾ?" ಎಂದು ಹೊನ್ನಮ್ಮ ಕೇಳಿದಳು. ಕೈ ಗಂಟಿನ ಮೇಲಿತ್ತು.

"ಗಂಟು ಬಿಚ್ಚಿ," ಎಂದರು ಮೊಣ್ಣಪ್ಪ. "ಭಾನುವಾರ ಧಣಿಗಳ ಸಭೆ. ಮಲಗಿದವನೊಬ್ಬನಿಗೆ ಅರವತ್ತು ರೂಪಾಯಿ ಬೇಕು, ಇನ್ನೊಬ್ಬ ಆಯಾ ಬೇಕು ಎಂದು ಕೇಳುತ್ತೇನೆ. ಕೊಡುವುದಿಲ್ಲವೆಂದರೆ ಅವರನ್ನು ಇಲ್ಲಿಗೇ ಕರೆತರುತ್ತೇನೆ. ಮಾಯಿಲಪ್ಪನ ವಿಷಯ ನಾನೇ ಹೇಳುತ್ತೇನೆ. ನಾನು ಮಾಡಿದ್ದನ್ನೂ ಹೇಳುತ್ತೇನೆ." ಚಿನ್ನಿಯ ಕಡೆ ತಿರುಗಿದರು. ಕ್ಷಮೆ ಕೇಳಬೇಕೆಂದಿದ್ದರು, ಆದರೆ ಆ ಮಾತನ್ನು ಅವರ ನಾಲಿಗೆ ಕಲಿತಿರಲಿಲ್ಲ. "ಇವನನ್ನು ಚಟ್ಟಕ್ಕೆ ಎತ್ತಬೇಕಲ್ಲ," ಎಂದಷ್ಟೇ ಹೇಳಿದರು. "ನಾನು ಹಿಡಿಯಲೇ?"

"ಎತ್ತಿ ಗೊತ್ತುಂಟಾ ನಿಮಗೆ?"

"ಇಲ್ಲ."

"ತೋಳು ಎಳೀಬಾರ್ದು. ಒಂದು ಕೈ ಕುತ್ತಿಗೆ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ನಿಮ್ಮ ಎದೆಗೆ ಒರಗಿಸ್ಕೊಳ್ಳಿ. ಹ್ಞಾಂ, ಹಾಗೆ."

ಮೊಣ್ಣಪ್ಪ ಬಾಗಿದರು. ಮಾಯಿಲಪ್ಪನ ತಲೆ ಅವರ ತೋಳಿಗೆ ಬಂತು. ತೆಳ್ಳಗಿನ ಬಿಳಿಗಡ್ಡ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಯಾರೋ ನಿನ್ನೆಯಷ್ಟೇ ಬಾಚಿದ್ದ ಕೂದಲು. ಮೂಟೆ ಹೊತ್ತ ಆಳು ಇಷ್ಟು ಹಗುರವೇ?

"ಮೆಲ್ಲಗೆ ಮಗಾ, ಮೆಲ್ಲಗೆ," ಎಂದಳು ಹೊನ್ನಮ್ಮ ಹಿಂದಿನಿಂದ. "ಎಡಪಕ್ಕೆ ಒತ್ತಬೇಡ. ಅಲ್ಲಿ ಅವನಿಗೆ ನೋವು."

ಸತ್ತವನಿಗೆ ನೋವೆಲ್ಲಿಯದು ಎಂದು ಯಾರೂ ಅನ್ನಲಿಲ್ಲ. ಮೊಣ್ಣಪ್ಪ ಕೈಯನ್ನು ಸ್ವಲ್ಪ ಕೆಳಗೆ ಸರಿಸಿಕೊಂಡು, ಅವನನ್ನು ಎತ್ತಿದರು.